ಅನಿಲದಿಂದ ನೀರು ಕಾಯಿಸುವ ಯಂತ್ರ: ಅದರ ಭಾಗಗಳ ದುರಸ್ತಿಯೂ ರಕ್ಷಣೆಯೂ

ಪೂರ್ವದಲ್ಲಿ ಗ್ರಾಮಾಂತರದ ಮನೆಗಳಲ್ಲಿ ಸ್ನಾನದ ನೀರನ್ನು ಬಚ್ಚಲುಮನೆಯ ಹಂಡೆಯಲ್ಲಿಯೇ ಕಾಯಿಸುತ್ತಿದ್ದರು. ತೆಂಗಿನ ಮಟ್ಟೆ, ಅಡಕೆಯ ಸೋಗೆ, ತೊಗರಿಕಡ್ಡಿ, ಹತ್ತಿಕಡ್ಡಿ ಮುಂತಾಗಿ ಹೊಲತೋಟಗಳಲ್ಲಿ ದೊರೆಯತಕ್ಕ ವಸ್ತುಗಳೇ ಅದಕ್ಕೆ ಸೌದೆಯಾಗಿದ್ದವು. ಈ ಏರ್ಪಾಡು ಇಂದಿಗೂ ಅನೇಕ ಮನೆಗಳಲ್ಲಿ ಉಂಟು. ಹಂಡೆಯ ಒಲೆಯಿಂದ ಕಷ್ಟಗಳು ಎಷ್ಟೇ ಇದ್ದರೂ ಅದಕ್ಕೆ ಒಂದು ಗುಣವಿದ್ದಿತು. ಗಾಳಿ ಸಾಲದೆ ಹೋದರೆ ಅದರ ಹೊಗೆಯು ಕಣ್ಣನ್ನು ಉರಿಸಿ, ಕೆಮ್ಮನ್ನು ತಂದು, ಒಳಗಿದ್ದವರನ್ನು ಒಡನೆಯೇ ಎಚ್ಚರಿಸುತ್ತಿದ್ದಿತು. ಹೆಂಚಿನ ಸಂದುಗಳಿಂದಲೂ ಗವಾಕ್ಷಿಯಿಂದಲೂ ಹೊರಕ್ಕೆ ಹೋಗುವುದಕ್ಕೆ ಅದಕ್ಕೆ ದಾರಿಯೂ ಇದ್ದಿತು.

ಈಚೆಗೆ ಅನಿಲದ ಸಿಲಿಂಡರು ಹಳ್ಳಿಹಳ್ಳಿಗೂ ಬಂದಿರುವುದರಿಂದ, ಗ್ಯಾಸ್ ಗೀಜರ್ ಎಂದು ಕರೆಯಲ್ಪಡುವ ಯಂತ್ರವನ್ನು ಅನೇಕ ರೈತ ಕುಟುಂಬಗಳವರು ಗೋಡೆಗೆ ಹಾಕಿಸಿಕೊಂಡಿರುತ್ತಾರೆ. ವಿದ್ಯುಚ್ಛಕ್ತಿ ಇಲ್ಲದ ವೇಳೆಯಲ್ಲಿಯೂ ಇದು ಕೆಲಸ ಮಾಡುವುದು. ನಲ್ಲಿಯನ್ನು ತಿರುಗಿಸಿದ ಮರುಗಳಿಗೆಯಲ್ಲಿ ಬಿಸಿನೀರು ಬರುವುದು. ಸ್ನಾನಕ್ಕೆ ಮಾತ್ರವಲ್ಲದೆ, ಹಾಲಿನ ಕ್ಯಾನುಗಳನ್ನೂ ಪಾತ್ರೆಗಳನ್ನೂ ತೊಳೆಯುವುದಕ್ಕೂ ಅನುಕೂಲವಾಗುವುದು. ಆದರೆ ಇದರಲ್ಲಿ ಹೊಗೆಯಿಲ್ಲ. ಆದಕಾರಣ ಎಚ್ಚರಿಕೆಯೂ ಇಲ್ಲ. ಯಂತ್ರವು ಕೆಟ್ಟಾಗ ಗೃಹಸ್ಥನು ತಾನೇ ಬದಲಾಯಿಸಬಹುದಾದ ಭಾಗಗಳು ಯಾವುವು, ಮುಟ್ಟಕೂಡದ ಭಾಗಗಳು ಯಾವುವು, ಯಂತ್ರದೊಳಗೆ ಯಾವ ದೋಷವೂ ಇಲ್ಲದಿದ್ದಾಗ್ಯೂ ಪ್ರಾಣಾಪಾಯವು ಹೇಗೆ ಸಂಭವಿಸುವುದು ಎಂಬ ಮೂರು ವಿಷಯಗಳನ್ನು ಕೆಳಗೆ ವಿವರಿಸಿದೆ.

ಯಂತ್ರದ ಭಾಗಗಳೂ ಅವುಗಳ ಕೆಲಸವೂ

ದುರಸ್ತಿಗೆ ಕೈಹಾಕುವುದಕ್ಕೆ ಮುಂಚೆ ಯಂತ್ರದ ಕ್ರಮವನ್ನು ತಿಳಿದಿರುವುದು ಅವಶ್ಯಕ. ತಣ್ಣೀರು ಒಳಹೋಗುವ ಬಾಯಲ್ಲಿ ಒಂದು ಸಣ್ಣ ಜಾಲರಿಯಿರುವುದು. ಅದನ್ನು ದಾಟಿದ ನೀರು ಹಿತ್ತಾಳೆಯ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಗೂಡನ್ನು ಸೇರುವುದು. ಈ ಗೂಡಿನ ಮಧ್ಯದಲ್ಲಿ ಡಯಾಫ್ರಂ ಎಂಬ ರಬ್ಬರಿನ ತೆಳುಬಿಲ್ಲೆಯನ್ನು ಅಡ್ಡಲಾಗಿ ಬಿಗಿದಿರುವರು. ನೀರು ಹರಿಯುವಾಗ ಬಿಲ್ಲೆಯ ಎರಡು ಪಕ್ಕಗಳ ಒತ್ತಡದಲ್ಲಿ ವ್ಯತ್ಯಾಸವುಂಟಾಗಿ ಅದು ಒಂದು ಕಡೆಗೆ ಬಾಗುವುದು. ಹಾಗೆ ಬಾಗಿ ಒಂದು ಸಣ್ಣ ಕಡ್ಡಿಯನ್ನು ಮುಂದಕ್ಕೆ ನೂಕುವುದು. ಕಡ್ಡಿಯು ಸರಿದೊಡನೆ ಮೈಕ್ರೋ ಸ್ವಿಚ್ ಎಂಬ ಪುಟ್ಟ ಗುಂಡಿಯು ಕೆಲಸಕ್ಕೆ ಬರುವುದು.

ಆಗ ೧.೫ ವೋಲ್ಟಿನ ಎರಡು ದಪ್ಪ ಬ್ಯಾಟರಿಗಳಿಂದ ವಿದ್ಯುತ್ತು ಹರಿದು, ಬರ್ನರಿನ ಬಳಿಯಲ್ಲಿರುವ ಕಡ್ಡಿಯ ತುದಿಯಲ್ಲಿ ಟಕಟಕನೆ ಕಿಡಿಗಳು ಏಳುವುವು. ಅದೇ ವೇಳೆಗೆ ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟವು ತೆರೆದು ಅನಿಲವನ್ನು ಬಿಡುವುದು. ಉರಿ ಹತ್ತಿತೇ ಇಲ್ಲವೇ ಎಂಬುದನ್ನು ಇನ್ನೊಂದು ಕಡ್ಡಿಯು ಕಂಡುಕೊಳ್ಳುವುದು. ಕೆಲವು ಕ್ಷಣಗಳೊಳಗಾಗಿ ಉರಿ ಹತ್ತದಿದ್ದರೆ ಕವಾಟವು ತಾನಾಗಿಯೇ ಮುಚ್ಚಿಕೊಳ್ಳುವುದು. ಬರ್ನರಿನ ಮೇಲೆ ತಾಮ್ರದ ಕೊಳವೆಗಳೂ ತೆಳು ಹಾಳೆಗಳೂ ಸೇರಿದ ಒಂದು ಪೆಟ್ಟಿಗೆಯಿರುವುದು. ನೀರು ಇದರ ಮೂಲಕ ಸುತ್ತಿ ಬಿಸಿಯಾಗಿ ಹೊರಬರುವುದು. ಸುಟ್ಟ ಗಾಳಿಯು ಹಾಳೆಗಳ ಸಂದಿನಿಂದ ಮೇಲಕ್ಕೆ ಹೋಗುವುದು.

ನೀರಿನಿಂದ ಕಡ್ಡಿ, ಕಡ್ಡಿಯಿಂದ ಗುಂಡಿ, ಗುಂಡಿಯಿಂದ ಕಿಡಿ ಮತ್ತು ಕವಾಟ, ಅವುಗಳಿಂದ ಉರಿ ಎಂಬ ಈ ಸರಪಳಿಯನ್ನು ನೆನಪಿನಲ್ಲಿಟ್ಟುಕೊಂಡರೆ, ದೋಷವು ಯಾವ ಕೊಂಡಿಯಲ್ಲಿದೆಯೆಂದು ಕಂಡುಹಿಡಿಯುವುದು ಕಷ್ಟವಲ್ಲ.

ಕೆಲಸಕ್ಕೆ ಮುಂಚಿನ ಕ್ರಮ

ಯಾವ ಭಾಗವನ್ನು ಬಿಚ್ಚಬೇಕಾದರೂ ಮೊದಲು ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ಅನಂತರ ನೀರಿನ ನಲ್ಲಿಯನ್ನು ಮುಚ್ಚಿ, ಬ್ಯಾಟರಿಗಳನ್ನು ಹೊರಕ್ಕೆ ತೆಗೆಯತಕ್ಕದ್ದು. ಯಂತ್ರವು ಸಂಪೂರ್ಣವಾಗಿ ಆರುವವರೆಗೆ ಕಾಯಬೇಕು. ಈ ಅನಿಲವು ಗಾಳಿಗಿಂತ ಭಾರವಾದುದು. ಸೋರಿದಾಗ ಮೇಲಕ್ಕೆ ಹೋಗದೆ ನೆಲದಲ್ಲಿಯೂ ಬಚ್ಚಲ ಮೋರಿಯಲ್ಲಿಯೂ ನಿಲ್ಲುವುದು. ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆಯು ತಿಳಿಯಲೆಂದೇ ಅದಕ್ಕೆ ದುರ್ವಾಸನೆಯ ವಸ್ತುವನ್ನು ಸೇರಿಸಿರುವರು. ಆ ವಾಸನೆ ಬಂದರೆ ದೀಪದ ಗುಂಡಿಯನ್ನು ಒತ್ತುವುದಾಗಲಿ, ಬೆಂಕಿಕಡ್ಡಿಯನ್ನು ಗೀರುವುದಾಗಲಿ ಕೂಡದು. ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಕ್ಕೆ ಬಂದು, ೧೯೦೬ ಎಂಬ ದೂರವಾಣಿ ಸಂಖ್ಯೆಗೆ ತಿಳಿಸಬೇಕು.

ಸಾಮಾನ್ಯವಾದ ದೋಷಗಳೂ ಪರಿಹಾರಗಳೂ

(೧) ನೀರು ಬರುವುದು, ಕಿಡಿಯ ಶಬ್ದವಿಲ್ಲ: ಮೊದಲು ಬ್ಯಾಟರಿಗಳನ್ನು ನೋಡಬೇಕು. ಶಕ್ತಿ ಕುಂದಿದ ಬ್ಯಾಟರಿಗಳನ್ನು ಎರಡನ್ನೂ ಒಟ್ಟಿಗೆ ಬದಲಾಯಿಸಬೇಕೇ ಹೊರತು ಹಳೆಯದನ್ನೂ ಹೊಸದನ್ನೂ ಬೆರೆಸಬಾರದು. ಬಚ್ಚಲಿನ ತೇವದಿಂದ ಬ್ಯಾಟರಿಯ ಗೂಡಿನ ಲೋಹದ ಪಟ್ಟಿಗಳಲ್ಲಿ ಹಸುರುಬಣ್ಣದ ಕಿಲುಬು ಕಟ್ಟಿರುವುದುಂಟು. ಅದನ್ನು ಒರಟು ಬಟ್ಟೆಯಿಂದ ಉಜ್ಜಿ ತೆಗೆಯಬೇಕು. ಕೆಟ್ಟಿದೆಯೆಂದು ಹೇಳಲ್ಪಡುವ ಯಂತ್ರಗಳಲ್ಲಿ ಬ್ಯಾಟರಿಯೊಂದರಿಂದಲೇ ಸರಿಹೋಗುವಂಥವು ಬಹಳ.

(೨) ಬ್ಯಾಟರಿ ಹೊಸದು, ಆದಾಗ್ಯೂ ಶಬ್ದವಿಲ್ಲ: ನೀರಿನ ಒತ್ತಡವು ಸಾಲದೆಂದು ತಿಳಿಯಬೇಕು. ಯಂತ್ರಕ್ಕಿಂತ ೧೦ ಅಡಿ ಎತ್ತರದಲ್ಲಿರುವ ತೊಟ್ಟಿಯಿಂದ ದೊರೆಯುವ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು ೦.೩ ಕಿಲೋಗ್ರಾಂ ಮಾತ್ರ. ಯಂತ್ರಕ್ಕೆ ಬೇಕಾದ ಕನಿಷ್ಠ ಒತ್ತಡವನ್ನು ಅದರ ಮೇಲಿನ ಫಲಕದಲ್ಲಿ ನಮೂದಿಸಿರುವರು. ಎರಡನ್ನೂ ಹೋಲಿಸಿ ನೋಡಬೇಕು. ಒತ್ತಡವು ಮೊದಲು ಸರಿಯಾಗಿದ್ದು ಈಗ ಕಡಿಮೆಯಾಗಿದ್ದರೆ, ಒಳಬಾಯಿಯ ಜಾಲರಿಯನ್ನು ಬಿಚ್ಚಿ, ಅದರಲ್ಲಿ ಸೇರಿರುವ ಮರಳನ್ನೂ ಪಾಚಿಯನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ಕೊಳವೆಬಾವಿಯ ನೀರನ್ನು ಉಪಯೋಗಿಸುವವರು ತಿಂಗಳಿಗೊಮ್ಮೆ ಹೀಗೆ ಮಾಡುವುದು ಒಳ್ಳೆಯದು. ಇದರಿಂದಲೂ ಸರಿಹೋಗದಿದ್ದರೆ ಡಯಾಫ್ರಂ ಹರಿದಿರಬಹುದು. ಅದನ್ನು ಬದಲಾಯಿಸುವ ಕ್ರಮವನ್ನು ಮುಂದೆ ಹೇಳಿದೆ.

(೩) ಕಿಡಿಯ ಶಬ್ದವಿದೆ, ಉರಿ ಹತ್ತುವುದಿಲ್ಲ: ಸಿಲಿಂಡರು ಬರಿದಾಗಿರಬಹುದು; ಅಥವಾ ಹೊಸದಾಗಿ ಜೋಡಿಸಿದ್ದರೆ ನಳಿಗೆಯಲ್ಲಿ ಗಾಳಿ ಸೇರಿರಬಹುದು. ಗಾಳಿ ಸೇರಿದ್ದಲ್ಲಿ ನಲ್ಲಿಯನ್ನು ನಾಲ್ಕಾರು ಸಲ ಮುಚ್ಚಿ ತೆರೆದರೆ ಸರಿಯಾಗುವುದು. ಆದರೆ ಪ್ರತಿ ಸಲವೂ ಕೆಲವು ಕ್ಷಣ ಬಿಡುವು ಕೊಡಬೇಕು. ಇಲ್ಲದಿದ್ದರೆ ಉರಿಯದೆ ಶೇಖರವಾದ ಅನಿಲವು ಒಮ್ಮೆಗೇ ಹೊತ್ತಿಕೊಂಡು ಮುಖಕ್ಕೆ ಬಡಿಯುವ ಸಂಭವವುಂಟು. ಅನಿಲವೂ ಕಿಡಿಯೂ ಸರಿಯಾಗಿದ್ದು ಉರಿ ಹತ್ತದಿದ್ದರೆ ವಿದ್ಯುತ್ ಕವಾಟವು ಕೆಟ್ಟಿದೆಯೆಂದು ಊಹಿಸಬೇಕು. ಇದು ಅನಿಲದ ಮಾರ್ಗದಲ್ಲಿರುವ ಭಾಗವಾದುದರಿಂದ ಕಂಪೆನಿಯ ಮೇಸ್ತ್ರಿಯ ಕೆಲಸವೇ ಹೊರತು ಗೃಹಸ್ಥನದಲ್ಲ.

(೪) ಉರಿ ಹತ್ತಿ ಕೂಡಲೇ ಆರುವುದು: ಉರಿಯನ್ನು ಕಂಡುಕೊಳ್ಳುವ ಕಡ್ಡಿಯ ಮೇಲೆ ಮಸಿ ಕಟ್ಟಿದ್ದರೆ ಹೀಗಾಗುವುದು. ಆರಿದ ಯಂತ್ರದಲ್ಲಿ ಆ ಕಡ್ಡಿಯನ್ನು ಬಗ್ಗಿಸದೆ ನಯವಾದ ಉಪ್ಪುಕಾಗದದಿಂದ ಮೆಲ್ಲನೆ ಉಜ್ಜಬೇಕು. ಕೆಲವು ಯಂತ್ರಗಳು ಸುಮಾರು ೨೦ ನಿಮಿಷ ಉರಿದ ಮೇಲೆ ತಾವಾಗಿಯೇ ಆರುವಂತೆ ಮಾಡಲ್ಪಟ್ಟಿವೆ. ಅದು ದೋಷವಲ್ಲ, ಸ್ನಾನ ಮಾಡುವವರ ರಕ್ಷಣೆಗಾಗಿ ಇಟ್ಟಿರುವ ಏರ್ಪಾಡು.

(೫) ಉರಿ ಚೆನ್ನಾಗಿದೆ, ನೀರು ಬಿಸಿಯಾಗದು: ತಾಮ್ರದ ಕೊಳವೆಗಳ ಒಳಗೆ ಸುಣ್ಣದ ಹರಳು ಕಟ್ಟಿರುವುದು ಇದರ ಕಾರಣ. ಗಡಸುನೀರನ್ನು ಕಾಯಿಸುವ ಹಂಡೆಯ ಒಳಗೆ ಬೆಳ್ಳಗೆ ಕಟ್ಟುವ ಪದಾರ್ಥವೇ ಇದು. ಹಂಡೆಯನ್ನು ಕೆರೆದು ತೆಗೆಯಬಹುದು, ಕೊಳವೆಯನ್ನು ಕೆರೆಯಲಾಗದು. ಒಂದು ಲೀಟರು ನೀರಿಗೆ ೫೦ ಗ್ರಾಂ ಸಿಟ್ರಿಕ್ ಆಮ್ಲವನ್ನು, ಎಂದರೆ ಅಂಗಡಿಯಲ್ಲಿ ನಿಂಬೆ ಉಪ್ಪೆಂದು ದೊರೆಯುವುದನ್ನು, ಕರಗಿಸಿ, ನೀರಿನ ಎರಡು ಕೊಳವೆಗಳನ್ನೂ ಬಿಚ್ಚಿದ ತಾಮ್ರದ ಸುರುಳಿಯೊಳಕ್ಕೆ ತುಂಬಿ, ಒಂದು ಗಂಟೆ ಬಿಟ್ಟು, ಅನಂತರ ಶುದ್ಧವಾದ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಕಕ್ಕಸು ತೊಳೆಯುವ ತೀಕ್ಷ್ಣವಾದ ಆಮ್ಲವನ್ನು ಎಂದಿಗೂ ಉಪಯೋಗಿಸಕೂಡದು; ಅದು ಹರಳಿನೊಡನೆ ಲೋಹವನ್ನೂ ತಿನ್ನುವುದು.

(೬) ಉರಿಯು ನೀಲಿಯಾಗಿರದೆ ಹಳದಿಯಾಗಿರುವುದು: ಇದು ಎಲ್ಲಕ್ಕಿಂತಲೂ ಕೆಟ್ಟ ಚಿಹ್ನೆ. ಜೇಡರಬಲೆ, ಧೂಳು, ಸತ್ತ ಹುಳುಗಳು ಬರ್ನರಿನ ಗಾಳಿಯ ಕಂಡಿಗಳನ್ನು ಮುಚ್ಚಿರಬಹುದು. ತಾಮ್ರದ ಹಾಳೆಗಳ ಸಂದುಗಳಲ್ಲಿ ಮಸಿ ತುಂಬಿರಬಹುದು. ಅಥವಾ ಕೋಣೆಯಲ್ಲಿ ಗಾಳಿಯೇ ಸಾಲದಿರಬಹುದು. ಇಂಥ ಯಂತ್ರವನ್ನು ಒಂದು ದಿನವಾದರೂ ಉಪಯೋಗಿಸದೆ, ಬರ್ನರನ್ನೂ ಹಾಳೆಗಳನ್ನೂ ಮೇಸ್ತ್ರಿಯಿಂದ ಬಿಚ್ಚಿಸಿ ಶುದ್ಧಮಾಡಿಸತಕ್ಕದ್ದು. ಅನಿಲ ಹೊರಡುವ ಜೆಟ್ಟಿನ ರಂಧ್ರವನ್ನು ಸೂಜಿಯಿಂದ ಅಗಲಮಾಡುವುದು ಅತ್ಯಂತ ಅಪಾಯಕರ.

ಡಯಾಫ್ರಂ ಬಿಲ್ಲೆಯನ್ನು ಬದಲಾಯಿಸುವ ಕ್ರಮ

ರಬ್ಬರು ಕಾಲಕ್ರಮದಲ್ಲಿ ಗಡುಸಾಗಿ ಬಿರಿಯುವುದು ಸಹಜ. ಬೆಲೆಯಲ್ಲಿ ಅಲ್ಪವಾದ ಈ ಬಿಲ್ಲೆಯ ದೆಸೆಯಿಂದ ಯಂತ್ರವನ್ನೇ ಮೂಲೆಗೆ ಎಸೆಯುವವರುಂಟು. ನೀರಿನ ಗೂಡನ್ನು ಮಾತ್ರ ಬಿಚ್ಚಿ ಬಿಲ್ಲೆಯನ್ನು ತೆಗೆಯಬಹುದಾದ ಯಂತ್ರಗಳಲ್ಲಿ ತಿಳಿವಳಿಕೆಯುಳ್ಳ ಗೃಹಸ್ಥನು ಈ ಕೆಲಸವನ್ನು ತಾನೇ ಮಾಡಬಹುದು. ಅನಿಲದ ಜೋಡಣೆಯನ್ನೂ ಬಿಚ್ಚಬೇಕಾಗುವ ಯಂತ್ರವಾದರೆ ಅಲ್ಲಿಯೇ ನಿಲ್ಲಿಸಿ ಮೇಸ್ತ್ರಿಯನ್ನು ಕರೆಯಿಸಬೇಕು.

ಮೇಲೆ ಹೇಳಿದಂತೆ ಅನಿಲ, ನೀರು, ಬ್ಯಾಟರಿ ಮೂರನ್ನೂ ನಿಲ್ಲಿಸಿ, ಬಿಸಿನೀರಿನ ಕೊಳವೆಯನ್ನು ಬಿಚ್ಚಿ, ಒಳಗಿನ ನೀರನ್ನು ಬಸಿಯಬೇಕು. ಹೊರಗಿನ ತಗಡಿನ ಮುಚ್ಚಳವನ್ನು ತೆಗೆದರೆ ತಣ್ಣೀರಿನ ಕೊಳವೆ ಸೇರುವ ಸ್ಥಳದಲ್ಲಿ ಗೂಡು ಕಾಣುವುದು. ಅದರ ಎರಡು ಹೋಳುಗಳನ್ನು ಕೂಡಿಸಿರುವ ತಿರುಪುಗಳನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ ತೆಗೆಯಬೇಕು. ಹಳೆಯ ಬಿಲ್ಲೆಯ ಯಾವ ಮುಖವು ಯಾವ ಕಡೆಗಿತ್ತೆಂಬುದನ್ನು ಗುರುತಿಟ್ಟುಕೊಳ್ಳುವುದು ಮುಖ್ಯ. ತಿರುವುಮುರುವಾಗಿ ಕೂಡಿಸಿದರೆ ಹೊಸ ಬಿಲ್ಲೆಯೂ ಕೆಲಸ ಮಾಡದು. ಹಳೆಯದನ್ನು ಅಂಗಡಿಗೆ ಕೊಂಡೊಯ್ದು, ಅಡ್ಡಳತೆಯೂ ರಂಧ್ರಗಳೂ ಸರಿಹೊಂದುವುದನ್ನೇ ತರಬೇಕು. ಸೈಕಲ್ ಟ್ಯೂಬಿನ ರಬ್ಬರನ್ನು ಕತ್ತರಿಸಿ ಹಾಕುವ ಅಭ್ಯಾಸವು ಸರಿಯಲ್ಲ.

ಗೂಡಿನ ಒಳಭಾಗದ ಕೆಸರನ್ನು ತೊಳೆದು, ಕಡ್ಡಿಯು ತಡೆಯಿಲ್ಲದೆ ಹಿಂದುಮುಂದಕ್ಕೆ ಸರಿಯುವುದೇ ಎಂದು ಬೆರಳಿನಿಂದ ಒತ್ತಿ ನೋಡಬೇಕು. ಹೊಸ ಬಿಲ್ಲೆಯನ್ನು ಸುಕ್ಕಿಲ್ಲದಂತೆ ಕೂರಿಸಿ, ತಿರುಪುಗಳನ್ನು ಒಂದರ ಎದುರಿಗೆ ಇನ್ನೊಂದರಂತೆ ಸಮವಾಗಿ ಬಿಗಿಯಬೇಕು. ಅನಂತರ ಅನಿಲವನ್ನು ಬಿಡದೆ ನೀರನ್ನು ಮಾತ್ರ ಬಿಟ್ಟು ಎಲ್ಲಿಯಾದರೂ ತೊಟ್ಟಿಕ್ಕುವುದೇ ಎಂದು ಪರೀಕ್ಷಿಸಬೇಕು. ಬ್ಯಾಟರಿಗಳನ್ನು ಹಾಕಿದ ಮೇಲೆ, ನೀರು ಹರಿದಾಗ ಕಿಡಿಯ ಶಬ್ದವು ಬಂದು, ನೀರು ನಿಂತಾಗ ಶಬ್ದವೂ ನಿಂತರೆ ಕೆಲಸವು ಸರಿಯಾಯಿತೆಂದು ತಿಳಿಯಬಹುದು. ಕಟ್ಟಕಡೆಗೆ ಅನಿಲವನ್ನು ಬಿಟ್ಟು, ಅದರ ಜೋಡಣೆಗಳಿಗೆ ಸಾಬೂನಿನ ನೊರೆಯನ್ನು ಹಚ್ಚಿ, ಗುಳ್ಳೆ ಏಳುವುದೇ ಎಂದು ನೋಡಬೇಕು. ಸೋರಿಕೆಯನ್ನು ಬೆಂಕಿಕಡ್ಡಿಯಿಂದ ಪರೀಕ್ಷಿಸುವುದು ಸರ್ವಥಾ ಕೂಡದು.

ಮಾಡಬಾರದ ಕೆಲಸಗಳು

ಒತ್ತಡ ಕಡಿಮೆಯಾದಾಗ ಮೈಕ್ರೋ ಸ್ವಿಚ್ಚಿನ ತಂತಿಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಿಬಿಡುವ ಕೈಚಳಕದವರು ಕೆಲವರುಂಟು. ಹೀಗೆ ಮಾಡಿದರೆ ನೀರಿಲ್ಲದೆಯೂ ಯಂತ್ರವು ಉರಿದು ತಾಮ್ರದ ಸುರುಳಿಯು ಬೇಯುವುದು. ಉರಿಯನ್ನು ಕಾಯುವ ಕಡ್ಡಿಯನ್ನು ತಪ್ಪಿಸಿ ಕಟ್ಟಿದರೆ ಅನಿಲವು ಉರಿಯದೆ ಸೋರುತ್ತಲೇ ಇರುವುದು. ಕಾವಲಿಗಿಟ್ಟ ಭಾಗವು ಕೆಟ್ಟರೆ ಅದನ್ನು ಬದಲಾಯಿಸಬೇಕೇ ಹೊರತು ಇಲ್ಲದಂತೆ ಮಾಡಕೂಡದು.

ಅನಿಲದ ರಬ್ಬರು ನಳಿಗೆಯನ್ನು ಬಿರುಕು ಕಾಣದಿದ್ದರೂ ೫ ವರ್ಷಕ್ಕೊಮ್ಮೆ ಬದಲಾಯಿಸಬೇಕು. ಒಂದೇ ನಳಿಗೆಯನ್ನು ಕವಲೊಡೆಸಿ ಒಲೆಗೂ ಯಂತ್ರಕ್ಕೂ ಕೊಡಬಾರದು. ಗೋಬರ್ ಅನಿಲದ ತೊಟ್ಟಿಯುಳ್ಳ ರೈತರು ಅದರ ಕೊಳವೆಯನ್ನು ಈ ಯಂತ್ರಕ್ಕೆ ಜೋಡಿಸಲು ಯೋಚಿಸುವುದುಂಟು. ಒಂದೇ ಗಾತ್ರದ ಗೋಬರ್ ಅನಿಲದಲ್ಲಿ ಸಿಲಿಂಡರಿನ ಅನಿಲದ ನಾಲ್ಕನೆಯ ಒಂದು ಪಾಲಿಗಿಂತಲೂ ಕಡಿಮೆ ಶಾಖವಿರುವುದು. ಇದಕ್ಕೆ ಬೇಕಾದ ಜೆಟ್ಟೂ ಬರ್ನರೂ ಬೇರೆ. ಆದಕಾರಣ ಗೋಬರ್ ಅನಿಲಕ್ಕಾಗಿಯೇ ಮಾಡಿದ ಒಲೆಯಲ್ಲಿ ನೀರನ್ನು ಕಾಯಿಸಿಕೊಳ್ಳುವುದೇ ಸರಿಯಾದ ಮಾರ್ಗ.

ಯಂತ್ರಕ್ಕೆ ಬೇಕಾದ ಗಾಳಿ

ಎಲ್ಲ ಭಾಗಗಳೂ ಸರಿಯಾಗಿದ್ದ ಮಾತ್ರದಿಂದ ಯಂತ್ರವು ನಿರಪಾಯಕರವೆಂದು ಭಾವಿಸಬಾರದು. ನಿಮಿಷಕ್ಕೆ ೬ ಲೀಟರು ನೀರನ್ನು ೨೫ ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯೇರಿಸಲು ಸುಮಾರು ೧೬ ಗ್ರಾಂ ಅನಿಲವು ಬೇಕು. ಇಷ್ಟು ಅನಿಲವು ಪೂರ್ಣವಾಗಿ ಉರಿಯಬೇಕಾದರೆ ೨೦೦ ಲೀಟರಿಗೂ ಹೆಚ್ಚು ಗಾಳಿಯು ಬೇಕಾಗುವುದು. ೫ ಅಡಿ ಅಗಲ, ೬ ಅಡಿ ಉದ್ದ, ೮ ಅಡಿ ಎತ್ತರವುಳ್ಳ ಬಚ್ಚಲಿನಲ್ಲಿರುವ ಗಾಳಿಯ ಮೊತ್ತವು ಸುಮಾರು ೬,೮೦೦ ಲೀಟರು. ಕಿಟಕಿ ಬಾಗಿಲುಗಳನ್ನು ಮುಚ್ಚಿ ಹತ್ತು ನಿಮಿಷ ಯಂತ್ರವನ್ನು ಉರಿಸಿದರೆ, ಆ ಗಾಳಿಯ ಹತ್ತಿರ ಹತ್ತಿರ ಮೂರನೆಯ ಒಂದು ಪಾಲಿನಲ್ಲಿರುವ ಆಮ್ಲಜನಕವನ್ನು ಉರಿಯೇ ತಿನ್ನುವುದು.

ಆಮ್ಲಜನಕವು ಕುಗ್ಗಿದಂತೆಲ್ಲ ಉರಿಯು ಅಪೂರ್ಣವಾಗಿ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಹುಟ್ಟುವುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಕೆಂಪು ಪದಾರ್ಥಕ್ಕೆ ಇದು ಆಮ್ಲಜನಕಕ್ಕಿಂತ ೨೦೦ ಪಾಲಿಗೂ ಮೀರಿ ಅಂಟಿಕೊಳ್ಳುವುದರಿಂದ, ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ದೇಹಕ್ಕೆ ಉಸಿರು ದೊರೆಯದಂತಾಗುವುದು. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಅನಂತರ ಕೈಕಾಲುಗಳಲ್ಲಿ ಬಲವಿಲ್ಲದಿರುವುದು. ಕೊನೆಗೆ ಪ್ರಜ್ಞೆ ತಪ್ಪುವುದು. ಒಳಗಿನಿಂದ ಅಗುಳಿ ಹಾಕಿಕೊಂಡವರಿಗೆ ಅಪಾಯದ ಅರಿವಾಗುವ ವೇಳೆಗೆ ಅಗುಳಿಯನ್ನು ತೆಗೆಯುವ ಶಕ್ತಿಯೇ ಉಳಿದಿರುವುದಿಲ್ಲ.

ನರಕ ಚತುರ್ದಶಿಯ ಅಭ್ಯಂಜನದಂಥ ದಿನಗಳಲ್ಲಿ ಈ ಅಪಾಯವು ಅಧಿಕ. ನಸುಕಿನ ಚಳಿಗೆ ಕಿಟಕಿಯನ್ನು ಮುಚ್ಚಿರುವರು. ಎಣ್ಣೆಸ್ನಾನಕ್ಕೆ ಬಿಸಿನೀರು ಹೆಚ್ಚಾಗಿ ಬೇಕು. ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡುವರು. ಮೊದಲು ಹೋದವರಿಗೆ ಏನೂ ಆಗದಿರುವುದನ್ನು ಕಂಡು ಉಳಿದವರು ಧೈರ್ಯದಿಂದ ಒಳಕ್ಕೆ ಹೋಗುವರು. ಆದರೆ ಕೋಣೆಯ ಗಾಳಿಯು ಸರದಿಯಿಂದ ಸರದಿಗೆ ಕೆಡುತ್ತ ಬಂದು, ಎಲ್ಲರಿಗೂ ನೀರೆರೆದು ಕಟ್ಟಕಡೆಗೆ ಸ್ನಾನಕ್ಕೆ ಹೋಗುವ ತಾಯಿಯ ಪಾಲಿಗೆ ಅತ್ಯಂತ ವಿಷವಾಗಿರುವುದು.

ಇದಕ್ಕೆ ಪರಿಹಾರವು ಸುಲಭ. ಯಂತ್ರವನ್ನು ಬಚ್ಚಲಿನ ಒಳಗೆ ಇಡದೆ, ಹೊರಗೋಡೆಯ ಮೇಲೆ ಮಳೆ ಬೀಳದಂತೆ ಸೂರಿನ ಕೆಳಗೆ ಇಟ್ಟು, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಕ್ಕೆ ತರತಕ್ಕದ್ದು. ಕಿಟಕಿಯ ಅಥವಾ ಗವಾಕ್ಷಿಯ ಸಮೀಪದಲ್ಲಿ ಇಟ್ಟರೆ ಸುಟ್ಟ ಗಾಳಿಯು ಮತ್ತೆ ಒಳಸೇರುವುದಾದ್ದರಿಂದ ಅವುಗಳಿಂದ ದೂರವಿರಿಸಬೇಕು. ಈಗಾಗಲೇ ಒಳಗಿಟ್ಟಿರುವವರು ಮೇಸ್ತ್ರಿಯನ್ನು ಕರೆಯಿಸಿ ಹೊರಕ್ಕೆ ಸಾಗಿಸಬೇಕು. ಅಲ್ಲಿಯವರೆಗೆ ಬಕೆಟ್ಟುಗಳಲ್ಲಿ ನೀರನ್ನು ತುಂಬಿಸಿಕೊಂಡು, ಯಂತ್ರವನ್ನು ಆರಿಸಿ, ಬಾಗಿಲನ್ನು ಸ್ವಲ್ಪಹೊತ್ತು ತೆರೆದಿಟ್ಟು, ಅನಂತರ ಸ್ನಾನಕ್ಕೆ ಹೋಗಬೇಕು. ಎಷ್ಟು ಒಳ್ಳೆಯ ಮೇಸ್ತ್ರಿಯು ಎಷ್ಟು ಹೊಸ ಭಾಗಗಳನ್ನು ಹಾಕಿದರೂ ಈ ಒಂದು ಬದಲಾವಣೆಗೆ ಅವು ಸಮವಲ್ಲ.

ಯಾರಾದರೂ ಒಳಗೆ ಬಿದ್ದಿರುವುದು ಕಂಡುಬಂದರೆ, ಸಹಾಯಕ್ಕೆ ಹೋಗುವವನು ಬಾಗಿಲು ಕಿಟಕಿಗಳನ್ನು ತೆರೆದು, ಉಸಿರನ್ನು ಬಿಗಿಹಿಡಿದು, ಅವರನ್ನು ಬಯಲಿಗೆ ತರಬೇಕು. ೧೦೮ ಸಂಖ್ಯೆಯ ಆಂಬುಲೆನ್ಸನ್ನು ಕರೆಯಿಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಉಸಿರಾಟವು ನಿಂತಿದ್ದರೆ ತಿಳಿದವರು ಕೃತಕ ಉಸಿರಾಟವನ್ನು ಮಾಡಿಸಬೇಕು. ಕೈಕಾಲು ಸೆಳೆಯುವುದನ್ನು ಕಂಡು ಮೂರ್ಛೆರೋಗವೆಂದು ಭ್ರಮಿಸುವ ಸಂಭವವುಂಟು. ಆದಕಾರಣ ಅನಿಲದ ಯಂತ್ರವು ಉರಿಯುತ್ತಿದ್ದಿತೆಂಬ ಸಂಗತಿಯನ್ನು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ತಿಳಿಸಬೇಕು. ಆಮ್ಲಜನಕವೇ ಇದಕ್ಕೆ ಮುಖ್ಯವಾದ ಚಿಕಿತ್ಸೆ.

ವರ್ಷದ ಪಾಲನೆ

ತಿಂಗಳಿಗೊಮ್ಮೆ ಜಾಲರಿಯನ್ನು ತೊಳೆಯುವುದು, ಆಗಾಗ್ಗೆ ಉರಿಯ ಬಣ್ಣವನ್ನು ನೋಡುವುದು, ವರ್ಷಕ್ಕೊಮ್ಮೆ ಚಳಿಗಾಲಕ್ಕೆ ಮುಂಚಿತವಾಗಿ ಬರ್ನರನ್ನೂ ತಾಮ್ರದ ಹಾಳೆಗಳನ್ನೂ ಮೇಸ್ತ್ರಿಯಿಂದ ಶುದ್ಧಮಾಡಿಸುವುದು, ಗಡಸುನೀರಿನ ಪ್ರದೇಶಗಳಲ್ಲಿ ಆಗಲೇ ಸುಣ್ಣದ ಹರಳನ್ನು ತೆಗೆಯಿಸುವುದು, ಇಷ್ಟು ಕ್ರಮವನ್ನು ಅನುಸರಿಸಿದರೆ ಯಂತ್ರವು ದೀರ್ಘಕಾಲ ಬಾಳುವುದಲ್ಲದೆ ಅನಿಲವೂ ಉಳಿಯುವುದು. ಮೇಲಿನ ಲೆಕ್ಕದ ಪ್ರಕಾರ ೧೪.೨ ಕಿಲೋಗ್ರಾಂ ಅನಿಲವುಳ್ಳ ಒಂದು ಸಿಲಿಂಡರು ಈ ಯಂತ್ರವನ್ನು ಸುಮಾರು ೧೫ ಗಂಟೆಗಳ ಕಾಲ ಮಾತ್ರ ಉರಿಸಬಲ್ಲುದು. ಆದಕಾರಣ ಹರಳು ಕಟ್ಟಿದ ಯಂತ್ರದಿಂದ ಆಗುವ ನಷ್ಟವು ಅಲ್ಪವಲ್ಲ.

ಪಂಪುಸೆಟ್ಟನ್ನೂ ಸಿಂಪರಣೆಯ ಯಂತ್ರವನ್ನೂ ಬಿಚ್ಚಿ ಕೂಡಿಸಬಲ್ಲ ರೈತನಿಗೆ ಈ ಯಂತ್ರದ ನೀರಿನ ಭಾಗಗಳು ಕಷ್ಟವಾದುವಲ್ಲ. ನೀರಿನ ಕಡೆಯ ಕೆಲಸವನ್ನು ತಾನು ಮಾಡಿ, ಅನಿಲದ ಕಡೆಯ ಕೆಲಸವನ್ನು ತಿಳಿದವರಿಗೆ ಬಿಟ್ಟು, ಯಂತ್ರವನ್ನು ಬಯಲಿನ ಗಾಳಿಯಲ್ಲಿ ನಿಲ್ಲಿಸಿದವನ ಮನೆಯಲ್ಲಿ ಹಬ್ಬದ ನಸುಕಿನಲ್ಲಿ ಕಡೆಯದಾಗಿ ಸ್ನಾನಕ್ಕೆ ಹೋದವರೂ ಸುಖವಾಗಿ ಹೊರಬರುವರು.